ಹಳೇ ಕಾರು ನೀವೇ ರಿಪೇರಿ ಮಾಡುವುದಾದರೆ: ಪಾರ್ಟ್ ತರುವ ಮೊದಲು ಮೀಟರ್ ಹಿಡಿಯಿರಿ

ಹಳೇ ಕಾರು ಸ್ಟಾರ್ಟ್ ಆಗಲಿಲ್ಲ ಅಂದ ಕೂಡಲೇ ಬಹಳ ಜನ ಹೊಸ ಬ್ಯಾಟರಿ ತರುತ್ತಾರೆ. ಎರಡು ದಿನ ಓಡಿ ಮತ್ತೆ ನಿಂತರೆ ಸ್ಟಾರ್ಟರ್ ಮೋಟಾರ್ ಬದಲಿಸುತ್ತಾರೆ, ಅದೂ ಆಗದಿದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಪಾರ್ಟ್), ಕೊನೆಗೆ ಯಾರೋ ಕೆಳಗೆ ಬಗ್ಗಿ ನೋಡಿದಾಗ ಎಂಜಿನ್‌ನಿಂದ ಕಾರಿನ ಬಾಡಿಯ ಲೋಹಕ್ಕೆ ಹೋಗುವ ಅರ್ಥ್ ಪಟ್ಟಿ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ತುಕ್ಕು ತಿಂದು ಅರ್ಧ ಹರಿದಿರುವುದು ಕಾಣುತ್ತದೆ. ಹತ್ತು ನಿಮಿಷದ ಕೆಲಸ ಅದು. ಹದಿನೈದು ಇಪ್ಪತ್ತು ವರ್ಷ ಓಡಿದ ಕಾರಿನಲ್ಲಿ ದೊಡ್ಡ ಪಾರ್ಟುಗಳಿಗಿಂತ ಮೊದಲು ಕೆಡುವುದು ಇಂಥ ಸಣ್ಣಪುಟ್ಟವು. ತುಕ್ಕು ಹಿಡಿದ ಜೋಡಣೆ, ಬಿರುಕು ಬಿಟ್ಟ ರಬ್ಬರ್ ಪೈಪು, ಸಡಿಲವಾದ ಸಾಕೆಟ್, ಒಣಗಿದ ಸೀಲು. ಅದಕ್ಕೇ ಈ ಲೇಖನದಲ್ಲಿ ಪಾರ್ಟ್ ಬಿಚ್ಚುವುದಕ್ಕಿಂತ ಪರೀಕ್ಷೆ ಮಾಡುವುದರ ಬಗ್ಗೆ ಜಾಸ್ತಿ ಬರೆದಿದ್ದೇನೆ. ಬಿಚ್ಚುವುದು ಹೇಗೆ ಅಂತ ನಿಮ್ಮ ಮಾಡೆಲ್‌ನ ರಿಪೇರಿ ಪುಸ್ತಕದಲ್ಲೇ ಇರುತ್ತದೆ, ಏನನ್ನು ಬಿಚ್ಚಬೇಕು ಅಂತ ಗೊತ್ತಾಗುವುದೇ ಕಷ್ಟ.

ಸಾಮಾನು ಜಾಸ್ತಿ ಏನೂ ಬೇಡ. ಒಂದು ಡಿಜಿಟಲ್ ಮಲ್ಟಿಮೀಟರ್, ಸಾಧಾರಣದ್ದೇ ಸಾಕು. ಸಾಕೆಟ್ ಸೆಟ್ ಕೊಳ್ಳುವಾಗ ಮಾತ್ರ ಒಳಗೆ ಆರು ಮೂಲೆ ಇರುವುದನ್ನು ನೋಡಿ ತಗೊಳ್ಳಿ. ಹನ್ನೆರಡು ಮೂಲೆಯ ಸಾಕೆಟ್ ತುಕ್ಕು ಹಿಡಿದ ಬೋಲ್ಟಿನ ತಲೆಯನ್ನು ಬೇಗ ಸವೆಸಿಬಿಡುತ್ತದೆ. ಟಾರ್ಕ್ ರೆಂಚ್, ವೈರ್ ಬ್ರಷ್, ತುಕ್ಕು ಬಿಡಿಸುವ ಎಣ್ಣೆ, ಒಳ್ಳೆ ಟಾರ್ಚ್, ಕಣ್ಣಿಗೆ ಕನ್ನಡಕ, ಎರಡು ಆಕ್ಸೆಲ್ ಸ್ಟ್ಯಾಂಡ್. ಕಾರು ಇಂಜೆಕ್ಷನ್‌ದಾದರೆ (ಕಂಪ್ಯೂಟರ್ ಹೇಳಿದ ಹಾಗೆ ಇಂಧನ ಚಿಮ್ಮಿಸುವಂಥದ್ದು) ಅದರ ಕಂಪ್ಯೂಟರಿನ ದೋಷದ ಕೋಡ್ ಓದುವ ಒಂದು ಸ್ಕ್ಯಾನರ್.

ಕಾರಿನ ಕೆಳಗೆ ಹೋಗುವ ಮೊದಲು

ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಎತ್ತಿ ಹಿಡಿದಿಡುವುದು ಅದರ ಕೆಲಸವಲ್ಲ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಒಂದು ಕೈಯನ್ನೂ ಹಾಕಬೇಡಿ. ಗಟ್ಟಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಅಡ್ಡ ಕಟ್ಟೆ ಕೊಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿಕೊಳ್ಳಿ. ಆಮೇಲೆ ಎತ್ತಿ, ಕಂಪನಿ ಗುರುತು ಮಾಡಿರುವ ಜಾಗದಲ್ಲೇ ಸ್ಟ್ಯಾಂಡ್ ಕೊಟ್ಟು, ಭಾರ ಅದರ ಮೇಲೆ ಕೂರಿಸಿ, ಬಾಡಿ ಹಿಡಿದು ಚೆನ್ನಾಗಿ ಅಲುಗಾಡಿಸಿ ನೋಡಿ. ಅಲುಗಿದರೆ ಈಗ ಅಲುಗಲಿ, ನೀವು ಕೆಳಗಿದ್ದಾಗ ಬೇಡ. ಇನ್ನೊಂದು: ಹಳೇ ಕಾರಿನಲ್ಲಿ ಜಾಕ್ ಕೊಡುವ ಅಂಚೇ ತುಕ್ಕು ತಿಂದಿರಬಹುದು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ, ಮೆತ್ತಗೆ ಅನ್ನಿಸಿದರೆ ಅಲ್ಲಿ ಎತ್ತಲೇಬೇಡಿ.

ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆ ಸುತ್ತಿದ ಮೇಲೆ ಹೊರಗೆ ಬರೋಣ ಅಂದುಕೊಂಡರೆ ಆಗುವುದಿಲ್ಲ.

ಪಾನಾ ಹಿಡಿಯುವ ಮೊದಲು ಒಂದಿಷ್ಟು ಪ್ರಶ್ನೆ

ತೊಂದರೆ ಯಾವಾಗ ಬರುತ್ತದೆ? ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಮಳೆಯಲ್ಲೋ? ತಿರುಗಿಸಿದಾಗಲೋ, ಬ್ರೇಕ್ ಒತ್ತಿದಾಗಲೋ, ಹಳ್ಳ ಹತ್ತಿಳಿದಾಗಲೋ? ಅದಕ್ಕೂ ಮುಖ್ಯ: ಇದು ಶುರುವಾಗುವ ಸ್ವಲ್ಪ ಮುಂಚೆ ಯಾರಾದರೂ ಏನಾದರೂ ಮುಟ್ಟಿದ್ದರಾ? ಏರ್ ಫಿಲ್ಟರ್ ಬದಲಿಸಿದ ಮರುದಿನ ಐಡ್ಲಿಂಗ್ ಕೆಟ್ಟರೆ ಫಿಲ್ಟರ್ ಪೆಟ್ಟಿಗೆಯ ಪಕ್ಕದ ಪೈಪು ಕಳಚಿರುತ್ತದೆ, ಅಷ್ಟೇ. ಹೊಸ ಸ್ಟೀರಿಯೊ ಹಾಕಿಸಿದ ವಾರದಿಂದ ಬ್ಯಾಟರಿ ಇಳಿಯುತ್ತಿದ್ದರೆ ಎಲ್ಲಿ ಹುಡುಕಬೇಕು ಅಂತ ಹೇಳಬೇಕಾಗಿಲ್ಲ ಅಲ್ವಾ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ಲಗ್, ಅದಕ್ಕೆ ಕಿಡಿಯ ಕರೆಂಟ್ ಕೊಡುವ ಕಾಯಿಲ್, ಸೆನ್ಸರ್ ಮೂರನ್ನೂ ಒಟ್ಟಿಗೆ ಹಾಕಿದರೆ ಯಾವುದರಿಂದ ಸರಿ ಹೋಯಿತು ಅಂತ ಗೊತ್ತಾಗುವುದಿಲ್ಲ, ಸರಿ ಹೋಗದೇ ಇದ್ದರಂತೂ ಹೊಸ ಪಾರ್ಟಿನಲ್ಲೇ ದೋಷ ಇದೆಯಾ ಅನ್ನುವ ಇನ್ನೊಂದು ಅನುಮಾನ ಸೇರಿಕೊಳ್ಳುತ್ತದೆ. ಬಿಚ್ಚುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ.

ಸೆಲ್ಫ್ ಹೊಡೆಯುತ್ತಿಲ್ಲ

ಎಂಜಿನ್ ನಿಂತು ಒಂದೆರಡು ಗಂಟೆ ಕಳೆದ ಮೇಲೆ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಅಂದರೆ ಅರ್ಧ ಇಳಿದಿದೆ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಮಿಕ್ಕ ಮಾತು, ಯಾಕೆಂದರೆ ಇಳಿದ ಬ್ಯಾಟರಿ ಇಟ್ಟುಕೊಂಡು ಮಾಡಿದ ಯಾವ ಪರೀಕ್ಷೆಯನ್ನೂ ನಂಬುವ ಹಾಗಿಲ್ಲ.

ಈಗ ಹೆಡ್‌ಲೈಟ್ ಹಾಕಿ, ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ, ಲೈಟ್ ನೋಡುತ್ತಾ ನಿಲ್ಲಿ. ಲೈಟ್ ಪೂರ್ತಿ ಮಂಕಾಗಿ ಟಕಟಕಟಕ ಸದ್ದು ಬಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ಕ್ಲ್ಯಾಂಪ್‌ನಲ್ಲಿ ಲೂಸ್ ಕಾಂಟ್ಯಾಕ್ಟ್ ಇದೆ. ಒಂದೇ ಒಂದು ಗಟ್ಟಿ 'ಟಕ್' ಬಂದು ಲೈಟ್ ಹಾಗೇ ಉರಿಯುತ್ತಿದ್ದರೆ ಸ್ಟಾರ್ಟರ್ ಒಳಗಿನ ಕಾಂಟ್ಯಾಕ್ಟ್ ಅಥವಾ ಬ್ರಷ್ ಸವೆದಿರುವ ಸಾಧ್ಯತೆ ಜಾಸ್ತಿ. ಏನೂ ಸದ್ದಿಲ್ಲ, ಲೈಟೂ ಕದಲಲಿಲ್ಲ ಅಂದರೆ ಕೀಯ ಸೂಚನೆ ಸ್ಟಾರ್ಟರ್‌ವರೆಗೆ ಹೋಗುತ್ತಲೇ ಇಲ್ಲ. ಆಗ ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್), ಇಗ್ನಿಷನ್ ಸ್ವಿಚ್, ಕ್ಲಚ್ ಪೆಡಲ್ ಹತ್ತಿರದ ಸ್ವಿಚ್ ನೋಡಬೇಕು. ಆಟೋಮ್ಯಾಟಿಕ್ ಕಾರಾದರೆ ಬ್ರೇಕ್ ಒತ್ತಿಕೊಂಡು ಗೇರನ್ನು ನ್ಯೂಟ್ರಲ್‌ಗೆ ತಂದು ಒಮ್ಮೆ ಪ್ರಯತ್ನಿಸಿ; ಅಲ್ಲಿ ಸ್ಟಾರ್ಟ್ ಆದರೆ ಗೇರ್ ಲಿವರಿನ ಸ್ವಿಚ್ ತಪ್ಪಿದೆ.

ಈಗ ನನಗೆ ಬಹಳ ಇಷ್ಟವಾದ ಪರೀಕ್ಷೆ. ಮನೆಯಲ್ಲಿ ರಿಪೇರಿ ಮಾಡುವವರಲ್ಲಿ ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ಸ್ಟಾರ್ಟರ್ ಮೋಟಾರ್ ಎಳೆಯುವ ಕರೆಂಟ್ 100ರಿಂದ 200 ಆಂಪಿಯರ್‌ವರೆಗೂ ಇರುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ತುಕ್ಕಿನಿಂದ 0.01 ಓಮ್ ಅಡ್ಡಿ ಇದ್ದರೆ ಸಾಕು, 150 ಆಂಪಿಯರ್‌ಗೆ ಒಂದೂವರೆ ವೋಲ್ಟ್ ಅಲ್ಲೇ ಖರ್ಚಾಗಿಹೋಗುತ್ತದೆ. ಮೀಟರನ್ನು ಓಮ್‌ನಲ್ಲಿಟ್ಟು ಅದೇ ವೈರ್ ನೋಡಿದರೆ 'ಸರಿಯಾಗಿದೆ' ಅಂತಲೇ ತೋರಿಸುತ್ತದೆ, ಅಷ್ಟು ಸಣ್ಣ ಅಡ್ಡಿ ಸಾಧಾರಣ ಮೀಟರಿಗೆ ಕಾಣುವುದಿಲ್ಲ. ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ಹೀಗೆ ಮಾಡಿ. ಎಂಜಿನ್ ಸ್ಟಾರ್ಟ್ ಆಗದ ಹಾಗೆ ಫ್ಯೂಯೆಲ್ ಪಂಪಿನ ಫ್ಯೂಸ್ ಕಿತ್ತಿಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಸೀಸದ ತುದಿಗೇ ಒತ್ತಿ, ಕ್ಲ್ಯಾಂಪಿಗಲ್ಲ, ತುದಿಗೆ. ಇನ್ನೊಂದನ್ನು ಎಂಜಿನ್ನಿನ ಮೇಲೆ ಬಣ್ಣ ಇಲ್ಲದ ಲೋಹಕ್ಕೆ ಒತ್ತಿ. ಇನ್ನೊಬ್ಬರು ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಯಲಿ. ಮೀಟರ್ 0.2 ವೋಲ್ಟ್ ಆಸುಪಾಸು ತೋರಿಸಿದರೆ ಅರ್ಥ್ ದಾರಿ ಚೆನ್ನಾಗಿದೆ. 0.5 ದಾಟಿದರೆ ಆ ದಾರಿಯಲ್ಲೇ ತೊಂದರೆ. ಈಗ ಎರಡನೇ ಕಡ್ಡಿಯನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ತನ್ನಿ: ಅರ್ಥ್ ಪಟ್ಟಿಯ ಎಂಜಿನ್ ತುದಿ, ಬಾಡಿ ತುದಿ, ಕೊನೆಗೆ ಕ್ಲ್ಯಾಂಪ್. ಪ್ರತಿ ಸಲ ಸೆಲ್ಫ್ ಹೊಡೆದು ನೋಡಿ. ಎಲ್ಲಿ ವೋಲ್ಟೇಜ್ ತಟ್ಟನೆ ಇಳಿಯುತ್ತದೋ, ಆ ಎರಡು ಜಾಗದ ಮಧ್ಯದ ಜೋಡಣೆಯೇ ಕಳ್ಳ. ಪ್ಲಸ್ ಕಡೆಯೂ ಇದೇ ಥರ, ಬ್ಯಾಟರಿಯ ಪ್ಲಸ್ ತುದಿಯಿಂದ ಸ್ಟಾರ್ಟರ್‌ನ ದಪ್ಪ ವೈರಿನ ಬೋಲ್ಟಿನವರೆಗೆ. ಕೈ, ವೈರ್, ಬಟ್ಟೆ ಯಾವುದೂ ಫ್ಯಾನ್ ಬೆಲ್ಟಿನ ಹತ್ತಿರ ಇರಬಾರದು.

ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ತುದಿಯ ಮಧ್ಯದ ವೋಲ್ಟೇಜನ್ನೂ ನೋಡಿಕೊಳ್ಳಿ. ತುಂಬಿದ ಬ್ಯಾಟರಿಯೂ 9.6ಕ್ಕಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ ಅದರ ಆಯುಸ್ಸು ಮುಗಿದಿದೆ. ಫ್ಯೂಸ್ ವಾಪಸ್ ಹಾಕಿ ಎಂಜಿನ್ ಓಡಿಸಿದಾಗ 13.8ರಿಂದ 14.5 ಇರಬೇಕು. ಅಷ್ಟಿಲ್ಲದಿದ್ದರೆ ಆಲ್ಟರ್ನೇಟರ್, ಅದರ ಬೆಲ್ಟ್, ಅದರ ವೈರ್. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿಯನ್ನೂ ಬಲ್ಬುಗಳನ್ನೂ ಸುಟ್ಟುಹಾಕುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು 'ಆಲ್ಟರ್ನೇಟರ್ ಚೆನ್ನಾಗಿದೆಯಾ' ಅಂತ ನೋಡುವ ಹಳೇ ಪದ್ಧತಿ ಇದೆಯಲ್ಲ, ಅದನ್ನು ದಯವಿಟ್ಟು ಬಿಟ್ಟುಬಿಡಿ. ಆ ಕ್ಷಣ ಏರುವ ವೋಲ್ಟೇಜ್ ಎಂಜಿನ್ ಕಂಪ್ಯೂಟರನ್ನೇ ತಿಂದುಬಿಡಬಹುದು.

ಕ್ಲ್ಯಾಂಪ್ ಕ್ಲೀನ್ ಮಾಡುವಾಗ ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಉಲ್ಟಾ, ಮೈನಸ್ ಕೊನೆಗೆ. ಹೀಗೆ ಮಾಡಿದರೆ ಪಾನಾ ಅಕಸ್ಮಾತ್ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿದ ಮೇಲೆ ಮೇಲಿಂದ ಸ್ವಲ್ಪ ವ್ಯಾಸಲೀನ್ ಸವರಿ. ಕೆಲವು ಹಳೇ ಸ್ಟೀರಿಯೊಗಳು ಬ್ಯಾಟರಿ ಬಿಚ್ಚಿದರೆ ಕೋಡ್ ಕೇಳುತ್ತವೆ, ಅದು ನಿಮ್ಮ ಹತ್ತಿರ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಬೇರೆ ಕಾರಿನಿಂದ ಜಂಪ್ ಮಾಡುವುದಾದರೆ: ಕೆಂಪು ವೈರ್ ಮೊದಲು ಇಳಿದ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವೈರ್ ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಇಳಿದ ಕಾರಿನ ಎಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಜೋಡಣೆಯಲ್ಲಿ ಕಿಡಿ ಬರುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತಿರಬಹುದು. ಎರಡನ್ನೂ ದೂರ ಇಡಬೇಕು.

ರಾತ್ರಿ ಬೆಳಗಾಗುವುದರಲ್ಲಿ ಬ್ಯಾಟರಿ ಇಳಿಯುತ್ತಿದ್ದರೆ

ಏನೋ ಒಂದು ಸದ್ದಿಲ್ಲದೆ ಕರೆಂಟ್ ಕುಡಿಯುತ್ತಿದೆ. 60 ಆಂಪಿಯರ್-ಅವರ್ ಬ್ಯಾಟರಿಯಿಂದ ಅರ್ಧ ಆಂಪಿಯರ್ ಸೋರುತ್ತಿದ್ದರೆ ದಿನಕ್ಕೆ 12, ಐದು ದಿನಕ್ಕೆ ಪೂರ್ತಿ ಖಾಲಿ. ಅದಕ್ಕೂ ಮೊದಲೇ ಸೆಲ್ಫ್ ಹೊಡೆಯುವ ಶಕ್ತಿ ಹೋಗಿರುತ್ತದೆ.

1. ಎಲ್ಲ ಸ್ವಿಚ್ ಆಫ್, ಕೀ ಹೊರಗೆ. ಫ್ಯೂಸ್ ಪೆಟ್ಟಿಗೆಗೆ ಕೈ ಹೋಗಬೇಕಾದರೆ ಬಾಗಿಲು ತೆರೆದೇ ಇರಲಿ, ಆದರೆ ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ.
2. ಬ್ಯಾಟರಿಯ ಮೈನಸ್ ಬಿಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಮೀಟರನ್ನು ಮೈನಸ್ ತುದಿ ಮತ್ತು ಬಿಚ್ಚಿದ ಕ್ಲ್ಯಾಂಪ್ ಮಧ್ಯೆ ಸೇರಿಸಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಬೇಡಿ, ಇಗ್ನಿಷನ್ ಕೂಡ ಆನ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.
3. ಅರ್ಧ ಗಂಟೆ ಸುಮ್ನೆ ಬಿಡಿ. ಇಂಜೆಕ್ಷನ್ ಕಾರುಗಳ ಕಂಪ್ಯೂಟರ್‌ಗಳು ಮಲಗುವುದಕ್ಕೆ ಸಮಯ ಬೇಕು.
4. 0.05 ಆಂಪಿಯರ್ ಒಳಗೆ ಬಂದರೆ ಸೋರಿಕೆ ಇಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾ ಹೋಗಿ. ಯಾವುದನ್ನು ಕಿತ್ತಾಗ ಅಂಕಿ ಬಿತ್ತೋ ಆ ಸಾಲಿನಲ್ಲಿ ಹುಡುಕಿ.

ಡಿಕ್ಕಿಯ ದೀಪ, ಡ್ಯಾಶ್‌ಬೋರ್ಡ್ ಖಾನೆಯ ದೀಪ, ಆಮೇಲೆ ಹಾಕಿಸಿದ ಸ್ಟೀರಿಯೊ ಮತ್ತು ಅಲಾರ್ಮ್, ಅಂಟಿಕೊಂಡ ರಿಲೇ ಮಾಮೂಲಿ ಅಪರಾಧಿಗಳು. ಯಾವ ಫ್ಯೂಸ್ ಕಿತ್ತರೂ ಅಂಕಿ ಬೀಳದಿದ್ದರೆ ಆಲ್ಟರ್ನೇಟರ್‌ನ ದಪ್ಪ ವೈರ್ ಬಿಚ್ಚಿ ನೋಡಿ, ಅದರೊಳಗಿನ ಡಯೋಡ್ ಸೋರುತ್ತಿರಬಹುದು. ಆ ವೈರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಅದಕ್ಕೇ ಬ್ಯಾಟರಿ ಸಂಪರ್ಕ ತಪ್ಪಿಸಿ ಬಿಚ್ಚಬೇಕು, ಬಿಚ್ಚಿದ ತುದಿಗೆ ಟೇಪ್ ಸುತ್ತಿ ಮತ್ತೆ ಮೀಟರ್ ಸೇರಿಸಬೇಕು.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುತ್ತಿಲ್ಲ

ಪೆಟ್ರೋಲ್ ಎಂಜಿನ್ನಿಗೆ ಬೇಕಾದ್ದು ಇಂಧನ, ಕಿಡಿ, ಒತ್ತಡ. ಯಾವುದು ಇಲ್ಲ ಅಂತ ಕಂಡುಹಿಡಿದರೆ ಅರ್ಧ ಕೆಲಸ ಮುಗಿಯಿತು. ಆದರೆ ಅದಕ್ಕೂ ಮೊದಲು ಕಿವಿಕೊಡಿ: ಸೆಲ್ಫ್ ಎಂದಿಗಿಂತ ಜೋರಾಗಿ, ಏರಿಳಿತವೇ ಇಲ್ಲದೆ ಸರಾಗವಾಗಿ ತಿರುಗುತ್ತಿದ್ದರೆ ಟೈಮಿಂಗ್ ಬೆಲ್ಟ್ (ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ಹೊಂದಿಸುವ ಬೆಲ್ಟ್) ಹರಿದಿರಬಹುದು. ಅಂಥ ಅನುಮಾನ ಬಂದ ಕೂಡಲೇ ತಿರುಗಿಸುವುದನ್ನು ನಿಲ್ಲಿಸಿ.

ಇಂಜೆಕ್ಷನ್ ಕಾರಿನಲ್ಲಿ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದಲೋ ಟ್ಯಾಂಕಿನಿಂದಲೋ ಒಂದೆರಡು ಸೆಕೆಂಡ್ 'ಗುಂಯ್' ಅನ್ನುವ ಪಂಪಿನ ಸದ್ದು ಸಾಮಾನ್ಯವಾಗಿ ಬರುತ್ತದೆ. ಬರದಿದ್ದರೆ ಫ್ಯೂಸ್ ನೋಡಿ, ಆಮೇಲೆ ಪಂಪಿನ ರಿಲೇ. ಹಾರ್ನ್‌ಗೂ ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ. ಹಳೇ ರಿಲೇಗಳ ಒಳಗೆ ಬೆಸುಗೆ ಬಿರುಕು ಬಿಟ್ಟು ಬಿಸಿಲಲ್ಲಿ ನಿಂತಾಗ ಮಾತ್ರ ಕೈಕೊಡುವುದುಂಟು. ಕೆಲವು ಮಾಡೆಲ್‌ಗಳಲ್ಲಿ ಅಪಘಾತವಾದಾಗ ಪಂಪ್ ನಿಲ್ಲಿಸುವ ಸ್ವಿಚ್ ಇರುತ್ತದೆ. ಜೋರಾದ ಗುಂಡಿಗೂ ಅದು ಹಾರಿರಬಹುದು, ಒತ್ತಿದರೆ ಸರಿಯಾಗುತ್ತದೆ.

ಕಾರ್ಬ್ಯುರೇಟರ್ ಕಾರಾದರೆ ಸುಲಭ. ಎಂಜಿನ್ ಆಫ್ ಇಟ್ಟು, ಏರ್ ಫಿಲ್ಟರ್ ತೆಗೆದು, ಥ್ರಾಟಲನ್ನು ಕೈಯಲ್ಲಿ ಎಳೆದು ಒಳಗೆ ನೋಡಿ. ಪೆಟ್ರೋಲಿನ ಸಣ್ಣ ಚಿಮ್ಮು ಕಂಡರೆ ಇಂಧನ ಬರುತ್ತಿದೆ. ಸೆಲ್ಫ್ ಹೊಡೆಯುವಾಗ ಮಾತ್ರ ಮುಖ ಅಲ್ಲಿಡಬೇಡಿ. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಎಂಜಿನ್ ತುಂಬಿಕೊಂಡಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಬಹುಪಾಲು ಇಂಜೆಕ್ಷನ್ ಕಾರುಗಳಲ್ಲೂ ಇದು ಕೆಲಸ ಮಾಡುತ್ತದೆ, ಪೂರ್ತಿ ಒತ್ತಿದಾಗ ಕಂಪ್ಯೂಟರ್ ಇಂಧನ ನಿಲ್ಲಿಸುತ್ತದೆ.

ಕಿಡಿ ನೋಡುವುದಕ್ಕೆ ಸ್ಪಾರ್ಕ್ ಟೆಸ್ಟರ್ ಅಂತಲೇ ಸಿಗುತ್ತದೆ, ಅದನ್ನೇ ಬಳಸಿ. ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಬಾಡಿಗೆ ತಾಗಿಸುವ ಸಾಹಸ ಬೇಡ. ಅಲ್ಲಿರುವುದು 20,000 ವೋಲ್ಟ್ ಅಥವಾ ಅದಕ್ಕೂ ಮೇಲೆ, ಜೊತೆಗೆ ಸುತ್ತ ಪೆಟ್ರೋಲ್ ಆವಿ. ಯಾವ ಸಿಲಿಂಡರಿನಲ್ಲೂ ಕಿಡಿ ಇಲ್ಲದಿದ್ದರೆ ಕಾಯಿಲ್, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಪಾರ್ಟ್), ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ಹೇಳುವುದು) ಕಡೆ ಹೋಗಬೇಕು. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ತಟ್ಟನೆ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್ ಆಗುವ ಕಾರಿನಲ್ಲಿ ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ, ಎರಡನೆಯದು ಇಗ್ನಿಷನ್ ಮಾಡ್ಯೂಲ್ ಮೇಲೆ. ಸ್ಕ್ಯಾನರ್ ಇದ್ದರೆ ಸೆಲ್ಫ್ ಹೊಡೆಯುವಾಗ ಎಂಜಿನ್ ಆರ್‌ಪಿಎಂ ನೋಡಿ. ಎಂಜಿನ್ ತಿರುಗುತ್ತಿದ್ದರೂ ಅಲ್ಲಿ ಸೊನ್ನೆ ಇದ್ದರೆ ಸೆನ್ಸರ್ ಅಥವಾ ಅದರ ವೈರ್.

ಡ್ಯಾಶ್‌ಬೋರ್ಡಿನಲ್ಲಿ ಕೀ ಗುರುತಿನ ದೀಪ ಮಿಣುಕುತ್ತಲೇ ಇದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೀಯನ್ನು ಗುರುತಿಸಿಲ್ಲ. ಎರಡನೇ ಕೀ ಹಾಕಿ ನೋಡಿ. ಡೀಸೆಲ್ ಕಾರಿನಲ್ಲಿ ಕಿಡಿಯ ಪ್ರಶ್ನೆಯೇ ಇಲ್ಲ: ತಣ್ಣಗಿದ್ದಾಗ ಮಾತ್ರ ತೊಂದರೆ ಅಂದರೆ ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್, ಫಿಲ್ಟರ್ ಬದಲಿಸಿದ ಮೇಲೆ ತೊಂದರೆ ಅಂದರೆ ಪೈಪಿನಲ್ಲಿ ಗಾಳಿ.

ಓಡುತ್ತದೆ, ಆದರೆ ಮಿಸ್ಸಿಂಗ್

ಚೆಕ್ ಎಂಜಿನ್ ದೀಪ ಉರಿದರೆ ಕೋಡ್ ಓದಿ. ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಒಬಿಡಿ ಸಾಕೆಟ್ (ಸ್ಕ್ಯಾನರ್ ಚುಚ್ಚುವ ಜಾಗ) ಕಡ್ಡಾಯವಾಯಿತು, ಆ ನಂತರದ ಕಾರಾದರೆ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಸಿಗುತ್ತದೆ. ಆದರೆ ಕೋಡ್ ಹೇಳುವುದು ಯಾವ ಅಳತೆ ತಪ್ಪಿದೆ ಅಂತ, ಯಾವ ಪಾರ್ಟ್ ಬದಲಿಸಬೇಕು ಅಂತ ಅಲ್ಲ. ಪಿ0171 ಬಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ ಅಂತ ಅರ್ಥ. ಅದನ್ನು ಹೇಳಿದ್ದು ಆಕ್ಸಿಜನ್ ಸೆನ್ಸರ್ ಅನ್ನುವ ಕಾರಣಕ್ಕೆ ಸೆನ್ಸರನ್ನೇ ಕಿತ್ತು ಹೊಸದು ಹಾಕುವವರು ಇದ್ದಾರೆ, ಸೆನ್ಸರ್ ಪಾಪ ಸತ್ಯವನ್ನೇ ಹೇಳುತ್ತಿರುತ್ತದೆ. ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್ ಅಂತ ಇರುತ್ತದೆ, ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ ಅದು, ಅದನ್ನು ನೋಡಿ. ಐಡ್ಲಿಂಗ್‌ನಲ್ಲಿ +20 ಶೇಕಡಾ ಹತ್ತಿರ ಇದ್ದು 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಕಡೆ ಇಳಿದರೆ ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟು ಕಳ್ಳಗಾಳಿ ಒಳಗೆ ಹೋಗುತ್ತಿದೆ. ಉಲ್ಟಾ, ವೇಗ ಮತ್ತು ಭಾರ ಏರಿದಂತೆ ಟ್ರಿಮ್ಮೂ ಏರಿದರೆ ಇಂಧನ ಸಾಲುತ್ತಿಲ್ಲ, ಅಂದರೆ ಫಿಲ್ಟರ್, ಪಂಪ್. ಗಾಳಿ ಅಳೆಯುವ ಸೆನ್ಸರ್ ಕೊಳೆಯಾದರೂ ಹೆಚ್ಚುಕಮ್ಮಿ ಹೀಗೇ ಕಾಣುತ್ತದೆ, ಅದಕ್ಕೆಂದೇ ಇರುವ ಸ್ಪ್ರೇಯಿಂದ ಮೊದಲು ತೊಳೆದು ನೋಡಿ.

ಬಿರುಕು ಹುಡುಕುವುದಕ್ಕೆ ಒಂದು ಮೀಟರ್ ಉದ್ದದ ರಬ್ಬರ್ ಪೈಪನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ವ್ಯಾಕ್ಯೂಮ್ ಪೈಪುಗಳ ಉದ್ದಕ್ಕೂ ಓಡಿಸಿ, 'ಸ್ಸ್' ಅನ್ನುವ ಜಾಗ ಗೊತ್ತಾಗುತ್ತದೆ. ಬಿಸಿ ಎಂಜಿನ್ ಮೇಲೆ ಕಾರ್ಬ್ಯುರೇಟರ್ ಸ್ಪ್ರೇ ಹೊಡೆದು ಹುಡುಕುವ ವಿಧಾನ ಬಹಳ ಜನ ಹೇಳುತ್ತಾರೆ. ಬೆಂಕಿ ಹೊತ್ತಿಕೊಳ್ಳುವ ದ್ರವ, ಪಕ್ಕದಲ್ಲೇ ಕೆಂಡದಂಥ ಎಗ್ಸಾಸ್ಟ್. ನನಗೆ ಧೈರ್ಯವಿಲ್ಲ.

ಪಿ0301, ಪಿ0302 ಥರದ ಕೋಡ್ ಬಂದರೆ ಕೊನೆಯ ಅಂಕಿಯೇ ಮಿಸ್ ಆಗುತ್ತಿರುವ ಸಿಲಿಂಡರ್. ಪ್ರತಿ ಪ್ಲಗ್‌ಗೂ ಬೇರೆ ಬೇರೆ ಕಾಯಿಲ್ ಇರುವ ಎಂಜಿನ್ನಾದರೆ ಒಂದನೇ ಕಾಯಿಲನ್ನು ಮೂರಕ್ಕೆ, ಮೂರನ್ನು ಒಂದಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್, ಇಂಧನ ಚಿಮ್ಮಿಸುವ ಇಂಜೆಕ್ಟರ್, ಅಥವಾ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ.

ಪ್ಲಗ್ ಬಿಚ್ಚಿದಾಗ ತುದಿ ನೋಡದೆ ಎಸೆಯಬೇಡಿ. ತಿಳಿ ಕಂದು ಅಥವಾ ಬೂದು ಬಣ್ಣ ಒಳ್ಳೆಯದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಎಣ್ಣೆಯಿಂದ ಒದ್ದೆಯಾಗಿದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ, ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ವಿಪರೀತ ಬಿಸಿ. ನಾಲ್ಕರಲ್ಲಿ ಒಂದು ಮಾತ್ರ ಬೇರೆ ಬಣ್ಣದ್ದಿದ್ದರೆ ತೊಂದರೆಯೂ ಆ ಸಿಲಿಂಡರಿನದ್ದೇ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ, ಯಾಕೆಂದರೆ ಅಲ್ಯುಮಿನಿಯಂ ಹೆಡ್ ಬಿಸಿಯಿದ್ದಾಗ ಥ್ರೆಡ್ ಕಿತ್ತುಬರುತ್ತದೆ. ಹಾಕುವಾಗ ಮೊದಲ ಕೆಲವು ಸುತ್ತು ರ‍್ಯಾಚೆಟ್ ಇಲ್ಲದೆ ಬೆರಳಲ್ಲೇ ತಿರುಗಿಸಿ. ಬಿಗಿ ಅನ್ನಿಸಿದರೆ ಹಿಂದೆ ತಿರುಗಿಸಿ ಮತ್ತೆ ಶುರು ಮಾಡಿ.

ಎಂಜಿನ್ ಹೀಟ್ ಆಗುತ್ತಿದ್ದರೆ

ಸೂಚಿ ಕೆಂಪಿಗೆ ಹೋದರೆ ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಬ್ಲೋವರ್ ಜೋರು ಮಾಡಿ, ಸುರಕ್ಷಿತ ಜಾಗ ಸಿಕ್ಕಿದ ತಕ್ಷಣ ನಿಲ್ಲಿಸಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗೆ ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ, ಮುಚ್ಚಳ ತೆರೆದ ಕ್ಷಣ ಕುದಿದು ಮುಖಕ್ಕೇ ಹಾರುತ್ತದೆ. ಮೇಲಿನ ಪೈಪನ್ನು ಹಿಂಡಬಹುದಾದಷ್ಟು ತಣ್ಣಗಾಗುವವರೆಗೆ ಕಾಯಿರಿ.

ಟ್ರಾಫಿಕ್‌ನಲ್ಲಿ ಮಾತ್ರ ಹೀಟ್ ಆಗಿ ಹೆದ್ದಾರಿಯಲ್ಲಿ ಸರಿಯಿದ್ದರೆ ಫ್ಯಾನ್ ತಿರುಗುತ್ತಿಲ್ಲ: ಫ್ಯೂಸ್, ರಿಲೇ, ಮೋಟಾರ್, ಬಿಸಿ ಸ್ವಿಚ್. ಹೆದ್ದಾರಿಯಲ್ಲಿ ಹೀಟ್ ಆಗಿ ನಿಧಾನ ಓಡಿಸಿದಾಗ ಸರಿಯಿದ್ದರೆ ರೇಡಿಯೇಟರ್ ಕಟ್ಟಿಕೊಂಡಿದೆ ಅಥವಾ ವಾಟರ್ ಪಂಪ್ ಸವೆದಿದೆ. ಸೂಚಿ ಏರಿದೆ, ಮೇಲಿನ ಪೈಪ್ ಸುಡುತ್ತಿದೆ, ಕೆಳಗಿನದು ತಣ್ಣಗಿದೆ ಅಂದರೆ ನೀರು ಸುತ್ತುತ್ತಿಲ್ಲ, ಹೆಚ್ಚಾಗಿ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಮುಚ್ಚಿಕೊಂಡೇ ಕೂತಿದೆ. ಅದನ್ನು ಬಿಚ್ಚಿ ನೀರಿನ ಪಾತ್ರೆಗೆ ಹಾಕಿ ಬಿಸಿ ಮಾಡಿ ನೋಡಬಹುದು, ಬಹಳಷ್ಟು 82ರಿಂದ 92 ಡಿಗ್ರಿ ಮಧ್ಯೆ ತೆರೆದುಕೊಳ್ಳಲು ಶುರುವಾಗುತ್ತವೆ, ಎಷ್ಟು ಅಂತ ಅದರ ಮೇಲೇ ಕೆತ್ತಿರುತ್ತದೆ. ಥರ್ಮೋಸ್ಟಾಟ್ ತೆಗೆದೇ ಓಡಿಸುವವರ ಮಾತು ಕೇಳಬೇಡಿ, ಎಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತಿದೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲುತ್ತಿಲ್ಲ, ಸಿಹಿ ವಾಸನೆ, ಸ್ಟಾರ್ಟ್ ಮಾಡಿದ ಕೂಡಲೇ ಪೈಪ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಇವು ಕೂಡಿ ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ಮಧ್ಯದ ಸೀಲು) ಹೋಗಿದೆ. ಆಯಿಲ್ ಮುಚ್ಚಳದ ಕೆಳಗೆ ಕೆನೆಬಣ್ಣದ ಲೇಪ ಕಂಡಿತು ಅನ್ನುವುದೊಂದರಿಂದಲೇ ಗಾಬರಿ ಬೇಡ. ಚಳಿಯಲ್ಲಿ ಸಣ್ಣ ಸಣ್ಣ ಓಡಾಟ ಮಾಡುವ ಕಾರಿನಲ್ಲಿ ತೇವದಿಂದಲೂ ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ ಇದ್ದರೆ ಮಾತ್ರ ಓಡಿಸುವುದನ್ನು ನಿಲ್ಲಿಸಿ.

ಬ್ರೇಕ್

ಇಲ್ಲಿ ಅನುಮಾನವಿದ್ದರೆ ಮುಂದುವರಿಯಬೇಡಿ. ಪ್ಯಾಡ್ ಬದಲಿಸುವುದು ಮನೆಯಲ್ಲಿ ಆಗುವ ಕೆಲಸವೇ. ಪ್ಯಾಡಿನ ಉಜ್ಜುವ ಪದರ 3 ಮಿಲಿಮೀಟರ್‌ಗೆ ಬಂದರೆ ಬದಲಿಸಿ, ಯಾವಾಗಲೂ ಎಡ ಬಲ ಎರಡೂ ಕಡೆ ಒಟ್ಟಿಗೆ. ಕಳಚಿದ ಕ್ಯಾಲಿಪರನ್ನು (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಪಾರ್ಟ್) ಬ್ರೇಕ್ ಪೈಪಿನ ಮೇಲೆ ನೇತುಬಿಡಬೇಡಿ, ವೈರಿನಿಂದ ಸ್ಪ್ರಿಂಗಿಗೆ ಕಟ್ಟಿ. ಹಳೇ ಪ್ಯಾಡುಗಳಲ್ಲಿ ಒಳಗಿನದು ತೆಳ್ಳಗೆ, ಹೊರಗಿನದು ದಪ್ಪ ಇದ್ದರೆ ಕ್ಯಾಲಿಪರ್ ಜಾರುವ ಪಿನ್ನುಗಳು ತುಕ್ಕು ಹಿಡಿದಿವೆ. ಅವನ್ನು ತೆಗೆದು ಒರೆಸಿ ಬ್ರೇಕ್ ಗ್ರೀಸ್ ಹಚ್ಚದೆ ಹೊಸ ಪ್ಯಾಡ್ ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಎಲ್ಲ ಜೋಡಿಸಿದ ಮೇಲೆ, ಕಾರನ್ನು ಒಂದು ಅಡಿ ಕದಲಿಸುವ ಮೊದಲೇ, ಪೆಡಲ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ. ಪಿಸ್ಟನ್ ಹಿಂದೆ ತಳ್ಳಿರುತ್ತೀರಿ, ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದೇ ಇಲ್ಲ.

ಪೆಡಲ್ ಮೆತ್ತಗೆ ಸ್ಪಂಜಿನಂತಿದ್ದರೆ ಪೈಪಿನಲ್ಲಿ ಗಾಳಿ. ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗಿಳಿಯುತ್ತಾ ಹೋದರೆ, ಎಲ್ಲೂ ಸೋರಿಕೆ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರ್. ಬ್ರೇಕ್ ಫ್ಲೂಯಿಡ್ ಗಾಳಿಯಿಂದ ತೇವ ಹೀರುತ್ತದೆ: ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ತೇವ ಸೇರಿದ ಮೇಲೆ ಆ ಮಟ್ಟ 155ಕ್ಕೆ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಅದಕ್ಕೇ. ಸಿಲಿಕೋನ್‌ನ ಡಾಟ್ 5 ಬೇರೆಯೇ ಜಾತಿ, ಡಾಟ್ 3 ಅಥವಾ 4ರ ಜೊತೆ ಬೆರೆಸಬೇಡಿ. ಚಕ್ರದ ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ ಎದುರುಬದುರು ಬಿಗಿ ಮಾಡಿ, ಐವತ್ತು ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ.

ಸದ್ದುಗಳ ಬಗ್ಗೆ ಎರಡೇ ಮಾತು. ಪೂರ್ತಿ ತಿರುಗಿಸಿ ಓಡಿಸುವಾಗ ಕಟಕಟ ಅಂದರೆ ಸಿವಿ ಜಾಯಿಂಟ್ (ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಕೀಲು). ವೇಗದ ಜೊತೆ ಏರುವ, ಗೇರ್ ಬದಲಿಸಿದರೂ ಬದಲಾಗದ ಗುಂಯ್ ಸದ್ದು ವೀಲ್ ಬೇರಿಂಗ್. ಸಣ್ಣ ಹಳ್ಳಕ್ಕೆ ಟೊಕ್ ಅಂದರೆ ಸಸ್ಪೆನ್ಷನ್ ಬುಷ್ ಅಥವಾ ಲಿಂಕ್. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕೀಂಯ್ ಅಂದರೆ ಬೆಲ್ಟ್.

ಬಿಚ್ಚದ ಬೋಲ್ಟು

ಹಳೇ ಕಾರಿನ ಕೆಲಸದಲ್ಲಿ ಅರ್ಧ ಸಮಯ ಇದಕ್ಕೇ ಹೋಗುತ್ತದೆ. ಹಿಂದಿನ ರಾತ್ರಿಯೇ ವೈರ್ ಬ್ರಷ್‌ನಿಂದ ಉಜ್ಜಿ ತುಕ್ಕಿನ ಎಣ್ಣೆ ಹಾಕಿಡಿ. ಬೆಳಗ್ಗೆ ಮತ್ತೊಮ್ಮೆ ಹಾಕಿ ಸುತ್ತಿಗೆಯಿಂದ ಬೋಲ್ಟಿನ ತಲೆಗೆ ನಾಲ್ಕಾರು ಗಟ್ಟಿ ಏಟು ಕೊಡಿ. ಬಿಚ್ಚುವ ದಿಕ್ಕಿಗೆ ಎಳೆಯುವ ಮೊದಲು ಒಂದು ಕೂದಲಿನಷ್ಟು ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿ, ತುಕ್ಕಿನ ಹಿಡಿತ ಮುರಿಯುತ್ತದೆ. ಕದಲಿದ ಮೇಲೆ ಒಂದೇ ಉಸಿರಿಗೆ ಬಿಚ್ಚಬೇಡಿ, ಅರ್ಧ ಸುತ್ತು ಹೊರಗೆ, ಕಾಲು ಸುತ್ತು ಒಳಗೆ, ಮತ್ತೆ ಎಣ್ಣೆ. ಬೆಂಕಿಯ ಶಾಖ ಕೊಡುವುದು ಕೊನೆಯ ದಾರಿ. ಪೆಟ್ರೋಲ್ ಪೈಪು, ಬ್ರೇಕ್ ಪೈಪು, ರಬ್ಬರ್ ಇರುವ ಕಡೆ ಆ ದಾರಿಯೂ ಇಲ್ಲ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಶಾಖ ಕೊಡಲೇಬಾರದು, ಕೆಲವದರಲ್ಲಿ ಕ್ಲೋರಿನ್ ಇರುವ ದ್ರಾವಕವಿದ್ದು ಬಿಸಿಗೆ ವಿಷದ ಅನಿಲವಾಗುತ್ತದೆ.

ಕೈ ಹಾಕದೇ ಇರುವುದು ಒಳ್ಳೆಯದು

ಏರ್‌ಬ್ಯಾಗ್ ಸಾಲಿನ ವೈರುಗಳು, ಹೆಚ್ಚಾಗಿ ಹಳದಿ ಬಣ್ಣದ ಕನೆಕ್ಟರ್ ಇರುತ್ತವೆ, ಅವಕ್ಕೆ ಮೀಟರ್ ಹಿಡಿಯಬೇಡಿ. ಸಸ್ಪೆನ್ಷನ್ ಸ್ಪ್ರಿಂಗನ್ನು ಸರಿಯಾದ ಕಂಪ್ರೆಸರ್ ಇಲ್ಲದೆ ಬಿಚ್ಚಬೇಡಿ, ಹಾರಿದರೆ ಪ್ರಾಣವನ್ನೇ ತೆಗೆಯುತ್ತದೆ. ಕಾಮನ್ ರೇಲ್ ಡೀಸೆಲ್ ಎಂಜಿನ್ ಓಡುವಾಗ ಇಂಜೆಕ್ಟರ್ ಪೈಪ್ ಸಡಿಲ ಮಾಡುವುದೂ ಅಷ್ಟೇ. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಎಸಿ ಗ್ಯಾಸನ್ನು ಅದರ ಯಂತ್ರ ಇರುವವರಿಗೇ ಬಿಡಿ. ಆಯಿಲ್ ಪ್ರೆಷರ್ ದೀಪ ಕೆಂಪಾಗಿ ಉರಿದರೆ ಮನೆವರೆಗೆ ಹೋಗಿಬಿಡೋಣ ಅನ್ನಬೇಡಿ, ಅಲ್ಲೇ ಎಂಜಿನ್ ಆಫ್ ಮಾಡಿ ಡಿಪ್‌ಸ್ಟಿಕ್ ನೋಡಿ.

ಇನ್ನು ಟೈಮಿಂಗ್ ಬೆಲ್ಟ್. ಹೆಚ್ಚಿನ ಕಂಪನಿಗಳು 60,000ದಿಂದ 1,00,000 ಕಿಲೋಮೀಟರ್ ಮಧ್ಯೆ, ಜೊತೆಗೆ ಇಷ್ಟು ವರ್ಷ ಅಂತಲೂ ಗಡುವು ಕೊಟ್ಟಿರುತ್ತವೆ, ಯಾವುದು ಮೊದಲು ಬರುತ್ತದೋ ಅದು. ಬಹಳ ಎಂಜಿನ್ನುಗಳಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ವಾಲ್ವಿಗೆ ಹೊಡೆದು ಹೆಡ್ ಪೂರ್ತಿ ಹಾಳಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದೀರಿ, ಬೆಲ್ಟ್ ಯಾವಾಗ ಬದಲಿಸಿದ್ದು ಅನ್ನುವ ಬಿಲ್ ಇಲ್ಲ ಅಂದರೆ ಬದಲಿಸಿಯೇ ಇಲ್ಲ ಅಂತ ಲೆಕ್ಕ ಹಾಕಿ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವ ಎಂಜಿನ್ನಾದರೆ ಪಂಪನ್ನೂ ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರನ್ನೂ ಆಗಲೇ ಬದಲಿಸಿಕೊಳ್ಳಿ, ಬಿಚ್ಚುವ ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ.